ಜಟಕಾ ಮುನಿಯಲ್ಲಮ್ಮ ಹಡಗು ಹತ್ತಿ ಕುದುರೆ ನೋಡಲು ಹೋದದ್ದು

ಮಾಲೂರು ರೈಲ್ವೆ ಸ್ಟೇಷನ್ನಿನ ಹೊರಗೆ ಹುಣಸೆಮರದ ಕೆಳಗೆ ಜಟಕಾಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲ. ಆ ಸಾಲಿನಲ್ಲಿ ಒಂದೇ ಒಂದು ಗಾಡಿಯ ಲಗಾಮು ಹೆಂಗಸಿನ ಕೈಯಲ್ಲಿತ್ತು. ಅವಳೇ ಮುನಿಯಲ್ಲಮ್ಮ. ಹುಟ್ಟಿದ್ದು ಶ್ರೀನಿವಾಸಪುರದ ಕಡೆಯ ಗೌನಿಪಲ್ಲಿಯಲ್ಲಿ, ಮನೆಮಾತು ತೆಲುಗು. ಕೊಟ್ಟಿದ್ದು ಮಾಲೂರಿಗೆ, ಒಬ್ಬ ಜಟಕಾದವನಿಗೆ. ಅವನು ವಿಷಮಶೀತ ಜ್ವರದಲ್ಲಿ ತೀರಿಕೊಂಡಾಗ ಅವಳ ಪಾಲಿಗೆ ಉಳಿದದ್ದು ಒಂದು ಗಾಡಿ, ಮಲ್ಲಿ ಎಂಬ ಬೂದುಬಣ್ಣದ ಹೆಣ್ಣು ಕುದುರೆ, ಮತ್ತು ತವರಿನಿಂದ ಜೊತೆಗೆ ಕರೆತಂದು ಸಾಕಿದ ತಮ್ಮ ಕದಿರೇಶ.

ಗಾಡಿಯನ್ನು ಮಾರು ಎಂದರು ಎಲ್ಲರೂ. ಅವಳು ಮಾರಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು ತಾನೇ ಮುಂದೆ ಕೂತಳು. ಆದರೆ ಹೆಂಗಸು ಹೊಡೆಯುವ ಗಾಡಿಗೆ ಹತ್ತುವವರು ಯಾರು? ಕೆಲವು ವಾರ ಅವಳು ಸ್ಟೇಷನ್ನಿಗೆ ಬರಿಗಾಡಿ ಹೊಡೆದುಕೊಂಡು ಬಂದು, ಬರಿಗಾಡಿ ಹೊಡೆದುಕೊಂಡೇ ಹೋದಳು. ಕೊನೆಗೆ ಒಂದು ಮಳೆಯ ದಿನ, ಪೇಟೆಯ ದಿನಸಿ ಅಂಗಡಿ ವೆಂಕಟರಾಯಪ್ಪನ ಹೆಂಡತಿ ಶ್ಯಾಮಲಮ್ಮನಿಗೆ ಹೆರಿಗೆ ನೋವು ಎದ್ದಿತು. ಮಗು ಅಡ್ಡ ತಿರುಗಿದೆ, ಕೋಲಾರದ ಆಸ್ಪತ್ರೆಗೆ ಒಯ್ಯಿರಿ ಎಂದಳು ಸೂಲಗಿತ್ತಿ. ದಾರಿಯ ಹಳ್ಳ ತುಂಬಿ ಹರಿಯುತ್ತಿದ್ದುದರಿಂದ ಬೇರೆ ಗಾಡಿಯವರು ಹಿಂದೇಟು ಹಾಕಿದರು. ಮುನಿಯಲ್ಲಮ್ಮ ಕೇಳಿದ್ದು ಒಂದೇ ಮಾತು: "ಗಾಡಿಗೆ ಹುಲ್ಲು ಜಾಸ್ತಿ ಹಾಸ್ಲಾ, ಸ್ವಾಮಿ?" ಹಳ್ಳದಲ್ಲಿ ಇಳಿದು ಮಲ್ಲಿಯ ಲಗಾಮನ್ನು ಮೂತಿಯ ಹತ್ತಿರ ಹಿಡಿದುಕೊಂಡು, ಸೊಂಟದ ಮಟ್ಟದ ನೀರಿನಲ್ಲಿ ನಡೆದು ದಾಟಿಸಿದಳಂತೆ. ತಾಯಿ ಮಗು ಇಬ್ಬರೂ ಉಳಿದರು. ಅಲ್ಲಿಂದ ಮುಂದೆ ಮಾಲೂರಿನ ಹೆಂಗಸರಿಗೆ ಬೇರೆ ಜಟಕಾ ಬೇಡವೇ ಬೇಡ.

ನನಗೆ ಈ ಕಥೆ ಸಿಕ್ಕಿದ್ದು ನಮ್ಮ ದೊಡ್ಡಮ್ಮ ಅನಸೂಯಮ್ಮನವರಿಂದ. ಅವರು ಅಲ್ಲಿನ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಉಪಾಧ್ಯಾಯಿನಿ. ಶ್ರಾವಣ ಶನಿವಾರಗಳಲ್ಲಿ ದೊಡ್ಡಮ್ಮ, ಶ್ಯಾಮಲಮ್ಮ ಇಬ್ಬರೂ ಮುನಿಯಲ್ಲಮ್ಮನ ಗಾಡಿಯಲ್ಲಿ ಚಿಕ್ಕತಿರುಪತಿಗೆ ಹೋಗುವ ರೂಢಿ. ಬೆಳಗ್ಗೆ ಹೊರಟು ಮಧ್ಯಾಹ್ನದ ಹೊತ್ತಿಗೆ ದೇವರ ಮುಂದೆ. ಆ ದಾರಿಯುದ್ದಕ್ಕೂ ಮೂವರೂ ಆಡದ ಮಾತಿಲ್ಲ. ಒಬ್ಬಳು ಅಂಗಡಿಯ ಯಜಮಾನಿ, ಒಬ್ಬರು ಮೇಷ್ಟ್ರಮ್ಮ, ಒಬ್ಬಳು ಜಟಕಾದವಳು. ಊರಿನಲ್ಲಿ ಇಳಿದ ಮೇಲೆ ಮೂವರ ದಾರಿಯೂ ಬೇರೆ, ಗಾಡಿಯಲ್ಲಿ ಮಾತ್ರ ಗೆಳತಿಯರು.

ಕದಿರೇಶ ದೊಡ್ಡವನಾಗಿ ಬೆಂಗಳೂರಿಗೆ ಹೋಗಿ, ರೇಸಿನ ಲಾಯವೊಂದರಲ್ಲಿ ಕುದುರೆ ನೋಡಿಕೊಳ್ಳುವ ಸಾಯಿಸನಾಗಿ ಸೇರಿಕೊಂಡ. ಮೂವತ್ತೇಳನೇ ಇಸವಿ ಇರಬೇಕು, ಕಾರ್ತಿಕ ಮಾಸದಲ್ಲಿ ಅಕ್ಕನನ್ನು ನೋಡಲು ಬಂದವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ಅಕ್ಕಯ್ಯಾ, ನಮ್ಮ ಬಂಗಾರು ಕಲ್ಕತ್ತಾಗೆ ಹೋಗ್ತಾವ್ನೆ. ಕ್ರಿಸ್‌ಮಸ್ ವಾರದಾಗೆ ಅಲ್ಲಿ ದೊಡ್ಡ ಕಪ್ ರೇಸು. ಇಡೀ ದೇಶದ ಕುದುರೆಗಳೆಲ್ಲ ಅಲ್ಲೇ. ನಾನೂ ಅವನ ಜೊತೆ ರೈಲಿನಾಗೆ ಹೋಗ್ತೀನಿ."

ಬಂಗಾರು ಎಂದರೆ ಅವನು ನೋಡಿಕೊಳ್ಳುತ್ತಿದ್ದ ಕೆಂಚುಬಣ್ಣದ ಗಂಡು ಕುದುರೆ. ಅದಕ್ಕೆ ದೊರೆಗಳು ಇಟ್ಟ ಇಂಗ್ಲಿಷ್ ಹೆಸರೊಂದು ಇತ್ತು. ಕದಿರೇಶನ ನಾಲಗೆಗೆ ಅದು ಹೊರಳದೆ ಬಂಗಾರು ಆಗಿತ್ತು.

"ಅವನು ಓಡೋದನ್ನ ನೀನು ಒಂದು ಸಲ ನೋಡ್ಬೇಕಕ್ಕ," ಎಂದ ಕದಿರೇಶ. "ಗಾಡಿ ಇಲ್ದೆ, ಭಾರ ಇಲ್ದೆ ಕುದುರೆ ಓಡಿದ್ರೆ ಹೆಂಗಿರ್ತದೆ ಅಂತ ನಿಂಗೆ ಗೊತ್ತಿಲ್ಲ."

ಆ ಮಾತು ಮುನಿಯಲ್ಲಮ್ಮನ ಎದೆಗೆ ನಾಟಿತು. ಹದಿನಾರನೇ ವಯಸ್ಸಿನಿಂದ ಕುದುರೆಯ ಬೆನ್ನನ್ನೇ ನೋಡಿಕೊಂಡು ಬಂದವಳು ಅವಳು. ಅದರ ಹಿಂದೆ ಗಾಡಿಯಿಲ್ಲದ ಓಟ ಹೇಗಿರುತ್ತದೆ ಎಂದು ನಿಜವಾಗಿಯೂ ಗೊತ್ತಿರಲಿಲ್ಲ. ಆ ವಾರವೇ ಕಾರ್ತಿಕದ ದೀಪಕ್ಕೆಂದು ಗೆಳತಿಯರು ಗಾಡಿ ಹತ್ತಿದಾಗ ಹಿಂದಕ್ಕೆ ತಿರುಗದೆಯೇ ಹೇಳಿದಳು: "ನಾನು ಕಲ್ಕತ್ತಾಗೆ ಹೋಗ್ತೀನಿ."

"ಗಂಗಾಸ್ನಾನಕ್ಕಾ?" ಎಂದಳು ಶ್ಯಾಮಲಮ್ಮ.

"ಕುದುರೆ ನೋಡೋಕೆ."

ಶ್ಯಾಮಲಮ್ಮ, "ಕುದುರೆ ನೀನು ನೋಡ್ಕೊ, ಗಂಗೇಲಿ ನಾನು ಮುಳುಗ್ತೀನಿ. ನಾನೂ ಬರ್ತೀನಿ ಕಣೇ," ಎಂದುಬಿಟ್ಟಳು.

ದೊಡ್ಡಮ್ಮ ಬರುತ್ತೇನೆಂದರು, ಆದರೆ ಅವರದೊಂದು ಹಟ: ಮದರಾಸಿನಿಂದ ರೈಲಿನಲ್ಲಿ ಅಲ್ಲ, ಹಡಗಿನಲ್ಲಿ ಹೋಗಬೇಕು. ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಭೂಗೋಳದಲ್ಲಿ "ನಮ್ಮ ದೇಶದ ಮೂರು ಕಡೆ ಸಮುದ್ರ" ಎಂದು ಪಾಠ ಹೇಳುತ್ತಿದ್ದವರು ಒಂದು ಕಡೆಯ ಸಮುದ್ರವನ್ನೂ ಕಂಡಿರಲಿಲ್ಲ. ಆ ವರ್ಷ ಒಬ್ಬ ಹುಡುಗಿ, "ಅಲೆ ಅಂದ್ರೆ ನಮ್ಮ ಕೆರೇಲಿ ಬರ್ತವಲ್ಲ, ಅಂಥದ್ದಾ ಮೇಡಂ?" ಎಂದು ಕೇಳಿದಾಗ ಏನು ಹೇಳಬೇಕೋ ತಿಳಿಯಲಿಲ್ಲವಂತೆ. ಮದರಾಸಿನ ಬಂದರಿನಲ್ಲಿ ಗುಮಾಸ್ತನಾಗಿದ್ದ ಸೋದರಮಾವನ ಮಗನೊಬ್ಬ ಡೆಕ್ಕಿನ ಟಿಕೀಟು ಮಾಡಿಸಿಕೊಡಲು ಒಪ್ಪಿದ.

ವೆಂಕಟರಾಯಪ್ಪನ ಮನೆಯಲ್ಲಿ ದೊಡ್ಡ ಪಂಚಾಯಿತಿಯೇ ಆಯಿತು. ಅವನ ತಾಯಿ, "ಸಮುದ್ರ ದಾಟಿದರೆ ಜಾತಿ ಕೆಡುತ್ತೆ," ಎಂದು ಊಟ ಬಿಟ್ಟು ಕೂತರು. ಅವರನ್ನು ಒಪ್ಪಿಸಲು ದೊಡ್ಡಮ್ಮನೇ ಹೋಗಬೇಕಾಯಿತು.

"ದಾಟೋದಿಲ್ಲ ಅಜ್ಜಿ, ದಡದ ಪಕ್ಕದಲ್ಲೇ ಹೋಗೋದು. ಕೆರೆ ಏರಿ ಮೇಲೆ ನಡೆದುಹೋದ್ರೆ ಕೆರೆ ದಾಟಿದ ಹಾಗಾಯ್ತಾ?"

ಅಜ್ಜಿ ಊಟದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, "ಏರಿ ಮೇಲೆ ಅಂದ್ರೆ ಪರವಾಗಿಲ್ಲ. ಬರುವಾಗ ಗಂಗಾತೀರ್ಥ ತನ್ನಿ," ಎಂದರು. ವೆಂಕಟರಾಯಪ್ಪ ಏನೋ ಹೇಳಲು ಬಾಯಿ ತೆರೆದ; ಮುನಿಯಲ್ಲಮ್ಮನೂ ಜೊತೆಗೆ ಹೋಗುತ್ತಾಳೆಂದು ನೆನಪಾಗಿ ಮುಚ್ಚಿದ. ಆ ಮಳೆಯ ದಿನವನ್ನು ಅವನು ಮರೆತಿರಲಿಲ್ಲ. ಮಲ್ಲಿಯನ್ನು ನೋಡಿಕೊಳ್ಳುತ್ತೇನೆಂದು ಜಟಕಾ ಸಾಲಿನ ಗಂಗುಲಪ್ಪ ಮಾತು ಕೊಟ್ಟ. "ಮೆತ್ತಗೆ ಹೊಡೀಬೇಕು, ಎಡಕ್ಕೆ ಎಳೀತಾಳೆ," ಎಂದು ಮುನಿಯಲ್ಲಮ್ಮ ರೈಲು ಹೊರಡುವವರೆಗೂ ಅವನಿಗೆ ಹೇಳಿಕೊಂಡೇ ಇದ್ದಳು.

ಮದರಾಸಿನಲ್ಲಿ ಹಡಗು ಹತ್ತಿದಾಗ ಮೂವರ ಬಳಿ ಒಂದು ಟ್ರಂಕು, ಎರಡು ಚಾಪೆ, ಹುರಿಹಿಟ್ಟಿನ ಡಬ್ಬಿ, ಒಂದು ಬುಟ್ಟಿ ಚಕ್ಕುಲಿ, ನಿಪ್ಪಟ್ಟು. ಡೆಕ್ಕಿನಲ್ಲಿ ಟಾರ್ಪಾಲಿನ ನೆರಳಿನಲ್ಲಿ ಚಾಪೆ ಹಾಸಿದವರದೇ ಜಾಗ. ದೊಡ್ಡಮ್ಮ ಕಂಬಿ ಹಿಡಿದು ನಿಂತು, ಕಣ್ಣು ತುಂಬ ಸಮುದ್ರ ನೋಡಿ, "ಇದು ಬಂಗಾಳ ಕೊಲ್ಲಿ," ಎಂದು ಪಾಠ ಶುರು ಮಾಡಿದರು. ದಡ ಸ್ವಲ್ಪ ದೂರವಾಗಿ ಹಡಗು ತೂಗತೊಡಗಿದ್ದೇ ತಡ, ಪಾಠ ನಿಂತಿತು. ಅಲ್ಲಿಂದ ಮುಂದೆ ಅವರು ತಲೆ ಎತ್ತಲಿಲ್ಲ. ಸಮುದ್ರ ಬೇಕೆಂದು ಹಟ ಹಿಡಿದವರು ಟ್ರಂಕಿನ ಕಡೆಗೆ ಮುಖ ಮಾಡಿ ಮಲಗಿ, "ಶ್ಯಾಮಲಾ, ಇದು ನಿಲ್ಲುತ್ತಾ?" ಎಂದು ಕೇಳುತ್ತಲೇ ಇದ್ದರು.

ಹೆದರಿ ಹೆದರಿ ಹತ್ತಿದ್ದ ಶ್ಯಾಮಲಮ್ಮನಿಗೆ ಮಾತ್ರ ಏನೂ ಆಗಲಿಲ್ಲ. ಹೊತ್ತು ಹೊತ್ತಿಗೆ ಹಸಿವಾಗುತ್ತಿತ್ತು. ಪಕ್ಕದ ಚಾಪೆಯ ತೆಲುಗು ಹೆಂಗಸರಿಗೆ ಚಕ್ಕುಲಿ ಕೊಟ್ಟು ಉಪ್ಪಿನಕಾಯಿ ಇಸಿದುಕೊಂಡಳು. ಎರಡನೆಯ ದಿನಕ್ಕೆ ಡೆಕ್ಕಿನ ಅರ್ಧ ಜನರ ಮನೆ ಸಮಾಚಾರ ಅವಳಿಗೆ ಗೊತ್ತಾಗಿತ್ತು.

ಮುನಿಯಲ್ಲಮ್ಮ ಕೂರಲೇ ಇಲ್ಲ. ಜಟಕಾದ ಮೂಕಿಯ ಮೇಲೆ ಕಾಲಿಟ್ಟು ನಿಂತು ರೂಢಿಯಿದ್ದವಳಿಗೆ ಮಂಡಿ ಸಡಿಲ ಬಿಟ್ಟು ನಿಲ್ಲುವುದು ಗೊತ್ತಿತ್ತು. "ಇದು ಸ್ಪ್ರಿಂಗು ಹೋದ ಗಾಡಿ, ಅಷ್ಟೇ," ಎಂದಳು. ಹಡಗಿನ ಖಲಾಸಿಯೊಬ್ಬನನ್ನು ತಡೆದು, ಸ್ಟೇಷನ್ನಿನ ಸಾಬರಿಂದ ಕಲಿತ ಉರ್ದುವಿನಲ್ಲಿ, "ಭಾಯ್, ಇದಕ್ಕೆ ಲಗಾಮ್ ಕಿಧರ್?" ಎಂದು ಕೇಳಿದಳು. ಅವನು ನಕ್ಕು, ಮೇಲಿನ ಅಟ್ಟದಲ್ಲಿದ್ದ ಚಕ್ರವನ್ನು ದೂರದಿಂದ ತೋರಿಸಿದ. ಅವಳು ಬಹಳ ಹೊತ್ತು ಅದನ್ನು ನೋಡಿ ಬಂದು, "ಅಷ್ಟು ದೊಡ್ಡ ಗಾಡಿ ಹೊಡೆಯೋನು ಒಂದು ಸಲನೂ ಬಯ್ಯಲಿಲ್ಲ ಕಣಮ್ಮ," ಎಂದು ವರದಿ ಒಪ್ಪಿಸಿದಳು.

ಎಲ್ಲ ಚೆನ್ನಾಗಿಯೇ ನಡೆದಿತ್ತು, ಗಂಗೆಯ ಬಾಯಿಯವರೆಗೆ. ಅಲ್ಲಿ ಮಂಜು ಇಳಿಯಿತು. ಎದುರಿನ ಕಂಬಿಯೂ ಕಾಣದಂಥ ಬಿಳಿ ಮಂಜು. ಹಡಗು ಲಂಗರು ಹಾಕಿ ನಿಂತುಬಿಟ್ಟಿತು. ಮಂಜು ಸರಿಯಬೇಕು, ಉಬ್ಬರ ಬರಬೇಕು, ಆಮೇಲೇ ನದಿಯೊಳಗೆ ಹೋಗುವುದು ಎಂದ ಖಲಾಸಿ. ಮುನಿಯಲ್ಲಮ್ಮನಿಗೆ ಕೂತಲ್ಲಿ ನಿಂತಲ್ಲಿ ಇರಲಾಗಲಿಲ್ಲ. ರೇಸು ಹತ್ತಿರ ಬಂದಿತ್ತು. "ಇಳಿದು ಮೂತಿ ಹಿಡ್ಕೊಂಡು ನಡೆಸೋ ಹಾಗಿದ್ರೆ ನಡೆಸ್ತಿದ್ದೆ," ಎಂದು ಹಲ್ಲು ಕಡಿದಳು.

ಶ್ಯಾಮಲಮ್ಮನಿಗೆ ಇದಕ್ಕಿಂತ ಒಳ್ಳೆಯದು ಬೇಕಿರಲಿಲ್ಲ. ಗಂಗೆ ಸಮುದ್ರ ಸೇರುವ ಜಾಗ ಇದೇ ಎಂದು ಯಾರೋ ಹೇಳಿದ್ದೇ ತಡ, ಖಲಾಸಿಗೆ ನಿಪ್ಪಟ್ಟು ಕೊಟ್ಟು ಹಗ್ಗ ಕಟ್ಟಿದ ಬಕೇಟಿನಲ್ಲಿ ನೀರು ಸೇದಿಸಿದಳು. ತೆಲುಗು ಹೆಂಗಸರು ಸುತ್ತ ಸೀರೆ ಮರೆ ಹಿಡಿದರು. ಆ ಚಳಿಯಲ್ಲಿ ತಲೆಯ ಮೇಲೆ ಸುರಿದುಕೊಂಡು, ತುಟಿ ಸವರಿಕೊಂಡು ಕಿರುಚಿದಳು: "ಅಯ್ಯೋ ದೇವುಡಾ! ಉಪ್ಪು! ಮೇಷ್ಟ್ರಮ್ಮ, ಗಂಗೆ ಉಪ್ಪೇನ್ರೀ?"

"ಸಂಗಮ ಅಲ್ವೇನೇ," ಎಂದರು ದೊಡ್ಡಮ್ಮ, ಹಡಗು ನಿಂತದ್ದರಿಂದ ಜೀವ ಬಂದು ಎದ್ದು ಕೂತು. "ಇಬ್ಬರದ್ದೂ ಪುಣ್ಯ ಒಟ್ಟಿಗೆ ಬಂತು."

ಕೊನೆಗೆ ಅವರು ಕಲ್ಕತ್ತೆಯ ಘಾಟಿನಲ್ಲಿ ಇಳಿದಾಗ ರೇಸಿನ ದಿನವೇ ಆಗಿತ್ತು, ಹೊತ್ತು ನೆತ್ತಿ ದಾಟಿತ್ತು. ಟ್ರಂಕನ್ನು ಒಬ್ಬ ಕೂಲಿಯ ತಲೆಯ ಮೇಲೆ ಹೊರಿಸಿ ಓಡಿಬಂದರೆ, ಉಳಿದಿದ್ದುದು ಒಂದೇ ಒಂದು ಕುದುರೆಗಾಡಿ. ಗಾಡಿಯವನು ಬಿಳಿ ಗಡ್ಡದ ಮುದುಕ, ಶಾಲು ಹೊದ್ದು ಕೆಮ್ಮುತ್ತ ಕೂತಿದ್ದ. "ರೇಸ್ ಮೈದಾನ್, ಜಲ್ದಿ, ಬಾಬಾ!" ಎಂದಳು ಮುನಿಯಲ್ಲಮ್ಮ.

ಜಲ್ದಿ ಎಲ್ಲಿ ಬಂತು? ದಾರಿಯಲ್ಲಿ ಟ್ರಾಮಿನ ಕಂಬಿ ದಾಟುವ ಕಡೆ, ಗಂಟೆ ಬಾರಿಸಿಕೊಂಡು ಟ್ರಾಮು ಬಂದದ್ದೇ ಕುದುರೆ ನಿಂತುಬಿಟ್ಟಿತು. ಮೈ ನಡುಗುತ್ತಿತ್ತು. ಮುದುಕ ಚಾವಟಿ ಬೀಸಿದ. ಕುದುರೆ ಹಿಂದಕ್ಕೆ ಸರಿಯಿತು. ಹಿಂದಿನ ಮೋಟಾರುಗಳೆಲ್ಲ ಕೂಗಿಕೊಂಡವು, ಪೊಲೀಸಿನವನು ಬೈದ, ಮುದುಕನಿಗೆ ಕೆಮ್ಮು ಹತ್ತಿ ಉಸಿರೇ ಸಿಗದಂತಾಯಿತು.

ಮುನಿಯಲ್ಲಮ್ಮ ಗಾಡಿಯಿಂದ ಧುಮುಕಿದಳು. ಕುದುರೆಯ ಮುಖದ ಹತ್ತಿರ ಹೋಗಿ, ಅದರ ಕಣ್ಣಿಗೆ ಟ್ರಾಮು ಕಾಣದಂತೆ ಸೆರಗನ್ನು ಅಡ್ಡ ಹಿಡಿದು, ಕತ್ತು ಸವರುತ್ತ ತೆಲುಗಿನಲ್ಲಿ ಏನೋ ಹೇಳತೊಡಗಿದಳು. ಮಲ್ಲಿಯ ಜೊತೆ ಆಡುವ ಮಾತೇ ಇರಬೇಕು. ಕಲ್ಕತ್ತೆಯ ಕುದುರೆಗೆ ತೆಲುಗು ಹೇಗೆ ತಿಳಿಯಿತೋ, ಕಿವಿ ನಿಮಿರಿಸಿತು. ಹಾಗೇ ನಡೆಸಿಕೊಂಡು ಕಂಬಿ ದಾಟಿಸಿದಳು. ಹಿಂದಕ್ಕೆ ತಿರುಗಿ ನೋಡಿದರೆ ಮುದುಕ ಇನ್ನೂ ಎದೆ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ.

"ಬಾಬಾ, ನೀವು ಒಳಗೆ ಕೂತ್ಕೊಳ್ಳಿ. ಮೈಂ ಚಲಾತೀ," ಎಂದಳು.

ಮುದುಕ ಅವಳ ಮುಖ ನೋಡಿದ, ಅವಳು ಲಗಾಮಿಗೆ ಚಾಚಿದ ಕೈ ನೋಡಿದ. ಲಗಾಮು ಕೊಟ್ಟು, ಒಳಗೆ ಬಂದು ಶ್ಯಾಮಲಮ್ಮನ ಎದುರು ಕೂತ. ಅವಳಿಗೆ ಸಂಕೋಚವೋ ಸಂಕೋಚ. ಸ್ವಲ್ಪ ಹೊತ್ತು ಕಿಟಕಿಯ ಕಡೆ ತಿರುಗಿ ಕೂತಿದ್ದವಳು, ಕೆಮ್ಮು ಕೇಳಲಾರದೆ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಒಣಶುಂಠಿ ತೆಗೆದು ಅವನ ಕೈಗೆ ಹಾಕಿದಳು.

ಹೀಗೆ ಮಾಲೂರಿನ ಮುನಿಯಲ್ಲಮ್ಮ ಕಲ್ಕತ್ತೆಯ ಮೈದಾನದ ದಾರಿಯಲ್ಲಿ ಗಾಡಿ ಹೊಡೆದಳು. ಎರಡೂ ಕಡೆ ದೊರೆಗಳ ಮೋಟಾರು, ಹ್ಯಾಟು ಹಾಕಿದ ದೊರೆಸಾನಿಯರು, ನಡೆದು ಹೋಗುವ ಸಾವಿರಾರು ಜನ. "ಹಟೋ, ಹಟೋ, ಜರುಗ್ರಪ್ಪೋ!" ಎಂದು ಮಾಲೂರು ಸ್ಟೇಷನ್ನಿನ ಕೂಗು. ಜನ ತಿರುಗಿ ನೋಡಿ ದಾರಿ ಬಿಟ್ಟರು. ಕೆಲವರು ಚಪ್ಪಾಳೆ ತಟ್ಟಿದರು. ದೊಡ್ಡಮ್ಮ ಹೇಳುತ್ತಿದ್ದರು: "ಆವತ್ತು ಅವಳ ಮುಖ ನೋಡ್ಬೇಕಿತ್ತು. ನಮ್ಮನ್ನು ಮರೆತೇಬಿಟ್ಟಿದ್ದಳು."

ಒಳಗೆ ಹೋಗುವಷ್ಟು ಹೊತ್ತಿರಲಿಲ್ಲ. ಮೈದಾನದ ಹೊರಬೇಲಿಯ ಪಕ್ಕ ಗಾಡಿ ನಿಲ್ಲಿಸಿ, ಮುಂದಿನ ಆಸನದ ಮೇಲೆ ಅವಳು ಎದ್ದು ನಿಂತಳು. ದೊಡ್ಡಮ್ಮ, ಶ್ಯಾಮಲಮ್ಮ ಮೆಟ್ಟಿಲ ಮೇಲೆ ನೇತುಬಿದ್ದರು. ಮುದುಕನೂ ಹೊರಗೆ ಬಂದು ಚಕ್ರ ಹತ್ತಿ ನಿಂತ. "ಹಸುರು ಅಂಗಿ, ಹಳದಿ ಟೋಪಿ," ಎಂದು ಕದಿರೇಶ ಹೇಳಿಕೊಟ್ಟಿದ್ದ ಗುರುತನ್ನು ಮುನಿಯಲ್ಲಮ್ಮ ಜಪ ಮಾಡುತ್ತಿದ್ದಳು.

ದೂರದಲ್ಲಿ ಒಂದು ಕೂಗು ಎದ್ದಿತು. ಆಮೇಲೆ ನೆಲ ನಡುಗಿತು. ಮೊದಲು ಗಾಡಿಯ ಹಲಗೆ ಅದುರಿ ಅವಳ ಅಂಗಾಲಿಗೆ ತಾಗಿತು, ಆಮೇಲೆ ಕಿವಿಗೆ ಕೇಳಿತು. ತಿರುವಿನಿಂದ ಕುದುರೆಗಳು ಗುಂಪಾಗಿ ಬಂದವು, ಕತ್ತು ಚಾಚಿ, ಮಣ್ಣು ಚಿಮ್ಮಿಸುತ್ತ. ಹಸುರು ಅಂಗಿ ಮುಂದೆ ಇತ್ತು! "ಬಂಗಾರೂ! ಪೋ ನಾಯನಾ, ಪೋ!" ಎಂದು ಕೂಗಿದಳು. ಕೂಗಿ ಬಾಯಿ ಮುಚ್ಚುವಷ್ಟರಲ್ಲಿ ಕುದುರೆಗಳು ಕಣ್ಮುಂದೆ ಹಾದುಹೋಗಿದ್ದವು. ಬಾಲಗಳು ಕಂಡವು. ಆಮೇಲೆ ಬರೀ ಧೂಳು.

"ಇಷ್ಟೇನಾ?" ಎಂದಳು ಶ್ಯಾಮಲಮ್ಮ. "ಇದಕ್ಕೆ ಅಷ್ಟು ದೂರದಿಂದ ಬಂದ್ವಾ? ಎಲೆ ಅಡಿಕೆ ಬಾಯಿಗೆ ಹಾಕ್ಕೊಳ್ಳೋಷ್ಟೂ ಹೊತ್ತಾಗಲಿಲ್ಲ!"

ಮುನಿಯಲ್ಲಮ್ಮ ಇನ್ನೂ ಆಸನದ ಮೇಲೆಯೇ ನಿಂತಿದ್ದಳು. ಅವಳ ಕಣ್ಣಿನಲ್ಲಿ ನೀರು ಹರಿಯುತ್ತಿತ್ತು. ಧೂಳಿಗೆ ಎಂದುಕೊಂಡರು ದೊಡ್ಡಮ್ಮ.

ಬಂಗಾರು ಗೆಲ್ಲಲಿಲ್ಲ. ಕೊನೆಯ ಹಾದಿಯಲ್ಲಿ ಉಸಿರು ಸಾಲದೆ ಐದನೆಯದಾಗಿ ಬಂದಿತ್ತು. ಸಂಜೆ ಲಾಯದಲ್ಲಿ ಕದಿರೇಶನನ್ನು ಹುಡುಕಿ ಹಿಡಿದಾಗ ಅವನು ಹುಲ್ಲಿನ ಹೊರೆಯ ಮೇಲೆ ಮುಖ ಮುಚ್ಚಿಕೊಂಡು ಕೂತಿದ್ದ. ಅಕ್ಕನನ್ನು ನೋಡಿ ಇನ್ನೂ ಅಳು ಬಂತು. "ಬರಬಾರದಿತ್ತು ನೀನು. ಸೋತುಹೋದ."

"ಲೇ, ಸೋತವನು ಅಳ್ತಾ ಇಲ್ಲ, ಹುಲ್ಲು ತಿಂತಾವ್ನೆ. ನಿಂಗೇನೋ ಬಂತು?" ಎಂದು ಮುನಿಯಲ್ಲಮ್ಮ ಅವನನ್ನು ಆಚೆ ತಳ್ಳಿ ಒಳಗೆ ಹೋದಳು. ಬಂಗಾರುವಿನ ಕಾಲುಗಳನ್ನು ಒಂದೊಂದಾಗಿ ಸವರಿದಳು. ಅದು ಅವಳ ಭುಜದ ಮೇಲೆ ಗದ್ದ ಇಟ್ಟು ಉಸಿರು ಬಿಟ್ಟಿತು. ಅದರ ಎದೆಯ ಮೇಲೆ ಅಂಗೈಯಿಟ್ಟು, "ಇವನ ಮೈಯಾಗೆ ಓಟ ಇನ್ನೂ ಇಳಿದಿಲ್ಲ. ಒಳಗೇ ಓಡ್ತಾವ್ನೆ," ಎಂದಳು. ಆಮೇಲೆ, ಮೆಲ್ಲಗೆ: "ನಮ್ಮ ಮಲ್ಲಿ ಹುಟ್ಟಿದಾಗಿನಿಂದ ಒಂದು ದಿನನೂ ಓಡಿಲ್ಲ ಕದಿರೇಶ. ಬರೀ ಎಳೆದಾಳೆ."

ವಾಪಸು ರೈಲಿನಲ್ಲಿ ಬಂದರು. ದೊಡ್ಡಮ್ಮನೇ ಅದಕ್ಕೆ ಹಟ ಮಾಡಿದರು. ಸ್ಕೂಲಿನಲ್ಲಿ ಮಕ್ಕಳಿಗೆ ಅಲೆ ಎಂದರೆ ಏನೆಂದು ವಿವರಿಸಲು, ಕುರ್ಚಿಯನ್ನು ಹಿಂದಕ್ಕೂ ಮುಂದಕ್ಕೂ ಜೋರಾಗಿ ತೂಗಿ ತೋರಿಸಿ, ತಾವೇ ಕಣ್ಣು ಕತ್ತಲೆ ಬಂದು ಕೂತರಂತೆ.

ಮುನಿಯಲ್ಲಮ್ಮ ಬಂದ ವಾರವೇ ಊರಿಗೆ ಆಡಿಕೊಳ್ಳಲು ಹೊಸ ವಿಷಯ ಕೊಟ್ಟಳು. ಸೋಮವಾರ ಗಾಡಿ ಕಟ್ಟುವುದನ್ನು ಬಿಟ್ಟಳು. ಆವತ್ತು ಬೆಳಗ್ಗೆ ಮಲ್ಲಿಯನ್ನು ಬತ್ತಿದ ಕೆರೆಯಂಗಳಕ್ಕೆ ಹೊಡೆದುಕೊಂಡು ಹೋಗಿ, ಜೀನು, ಲಗಾಮು, ಕಣ್ಣುಪಟ್ಟಿ ಎಲ್ಲ ಬಿಚ್ಚಿ ಬಿಟ್ಟಳು. ಮೊದಲ ಸೋಮವಾರ ಮಲ್ಲಿ ಬಿಟ್ಟ ಜಾಗದಲ್ಲೇ ನಿಂತಿತ್ತು, ಗಾಡಿ ಎಲ್ಲಿ ಎಂದು ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತ. ಎರಡನೆಯ ಸೋಮವಾರ ಮಣ್ಣಿನಲ್ಲಿ ಹೊರಳಾಡಿತು. ಮೂರನೆಯದಕ್ಕೆ ಇದ್ದಕ್ಕಿದ್ದಂತೆ ಒಂದು ಸಲ ಕೆನೆದು, ಬಾಲ ಎತ್ತಿ, ಏರಿಯ ಉದ್ದಕ್ಕೂ ಓಡಿತು. ವಯಸ್ಸಾದ ಜಟಕಾ ಕುದುರೆ, ಓಟವೇನೂ ಚೆಂದವಿರಲಿಲ್ಲ. ಮುನಿಯಲ್ಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

"ಹುಚ್ಚು ಹಿಡೀತು ಇವಳಿಗೆ," ಎಂದ ಗಂಗುಲಪ್ಪ. ಕೆಲವು ತಿಂಗಳಲ್ಲಿ ಅವನೇ ತನ್ನ ಕುದುರೆಯನ್ನೂ ಕರೆತಂದ. ಸೋಮವಾರ ಬಿಟ್ಟ ಕುದುರೆ ಮಂಗಳವಾರ ಚುರುಕಾಗಿ ಎಳೆಯುತ್ತದೆ ಎಂದು ಕಂಡುಕೊಂಡಿದ್ದ. ಉಳಿದವರೂ ಬಂದರು. ಯುದ್ಧ ಶುರುವಾಗಿ ಪೆಟ್ರೋಲು ಸಿಗದೆ ಬಸ್ಸುಗಳು ನಿಂತ ಕಾಲಕ್ಕೆ ಜಟಕಾಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಆಗಲೂ ಸೋಮವಾರ ಬೆಳಗ್ಗೆ ಒಂದು ಗಾಡಿಯೂ ಸಿಗುತ್ತಿರಲಿಲ್ಲ. ಕೆರೆಯಂಗಳದಲ್ಲಿ ಕುದುರೆಗಳ ಓಟ ನೋಡಲು ಜನ ಏರಿಯ ಮೇಲೆ ಸೇರುತ್ತಿದ್ದರು. ಪಂದ್ಯ ಕಟ್ಟಲು ಬಂದ ಒಂದಿಬ್ಬರನ್ನು ಮುನಿಯಲ್ಲಮ್ಮ ಚಾವಟಿ ಹಿಡಿದು ಓಡಿಸಿದಳು. ಮಲ್ಲಿಯ ಮೇಲೆ ಅವಳು ಎಂದೂ ಬೀಸದಿದ್ದ ಚಾವಟಿಗೆ ಸಿಕ್ಕಿದ ಕೆಲಸ ಅದೊಂದೇ.

ಈ ಸುದ್ದಿ ಯಾರ ಬಾಯಿಂದಲೋ ಹೋಗಿ, ಒಂದು ಸೋಮವಾರ ತಾಲ್ಲೂಕಿನ ಅಮಲ್ದಾರರೇ ಸೈಕಲ್ಲು ತುಳಿದುಕೊಂಡು ಬಂದರು. "ಏನಿದು? ಕೆರೆಯಲ್ಲಿ ಜೂಜು ನಡೆಸ್ತೀರಂತೆ? ಸರ್ಕಾರದ ಕೆಲಸಕ್ಕೆ ಗಾಡಿ ಕೇಳಿದ್ರೆ ಇಲ್ಲ ಅಂತೀರಂತೆ?"

"ಜೂಜಿಲ್ಲ ಬುದ್ಧಿ," ಎಂದಳು ಮುನಿಯಲ್ಲಮ್ಮ ಕೈ ಮುಗಿದು. "ಎತ್ತಿಗೆ ಸೋಮವಾರ ನೊಗ ಹೂಡಲ್ಲ, ಬಸವಣ್ಣನ ವಾರ ಅಂತ. ಕುದುರೆಗೆ ಯಾವ ವಾರ ಐತೆ, ನೀವೇ ಹೇಳಿ. ಅದಕ್ಕೇ ಎತ್ತಿನ ವಾರದಾಗೆ ಇವಕ್ಕೂ ಒಸಿ ಜಾಗ ಕೊಟ್ಟಿದೀವಿ."

ಅಮಲ್ದಾರರು ಮೂಗು ಉಜ್ಜಿಕೊಂಡರು. ಅಷ್ಟರಲ್ಲಿ ಕುದುರೆಗಳು ತೂಬಿನ ಕಡೆಯಿಂದ ಒಟ್ಟಿಗೆ ಬಂದವು. ಬಿಳಿದು, ಕೆಂಚು, ಒಂದು ಕುಂಟ, ಎಲ್ಲದರ ಹಿಂದೆ ಮಲ್ಲಿ. ಏರಿಯ ಕಲ್ಲುಗಳು ಅದುರಿದವು. ಅಮಲ್ದಾರರು ಸೈಕಲ್ಲನ್ನು ಮೆಲ್ಲಗೆ ಹುಲ್ಲಿನ ಮೇಲೆ ಮಲಗಿಸಿ, ಪಂಚೆ ಎತ್ತಿ ಕಟ್ಟಿ, ಗಂಗುಲಪ್ಪನ ಪಕ್ಕ ಕೂತುಕೊಂಡರು. "ಇನ್ನೊಂದು ಸುತ್ತು ಬರ್ತವಾ?" ಎಂದು ಕೇಳಿದರು.

"ಅವಕ್ಕೆ ಮನಸ್ಸಿದ್ರೆ," ಎಂದಳು ಮುನಿಯಲ್ಲಮ್ಮ.